‘ತಕ್ಷಣ’ ಅಂದ್ರೆ ಎಷ್ಟು ಹೊತ್ತು? 36 ಮಕ್ಕಳ ಜೊತೆ ನರದ ವೇಗ ಅಳೆದ ನನ್ನ ಅನುಭವ

“ಮಿಸ್, ಬಿಸಿ ಪಾತ್ರೆ ಮುಟ್ಟಿದ್ರೆ ತಕ್ಷಣ ಕೈ ಹಿಂದಕ್ಕೆ ಬರುತ್ತೆ ಅಂತೀರಲ್ಲ, ತಕ್ಷಣ ಅಂದ್ರೆ ಎಷ್ಟು ಹೊತ್ತು?”

ಹತ್ತನೇ ತರಗತಿಗೆ ‘ನಿಯಂತ್ರಣ ಮತ್ತು ಸಹಭಾಗಿತ್ವ’ ಪಾಠ ಮಾಡುತ್ತಿದ್ದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ಕೇಳಿದ. ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಲು ಶುರು ಮಾಡಿ ನನಗೆ ಆಗ ಹನ್ನೊಂದು ವರ್ಷ. ಅಷ್ಟೂ ವರ್ಷ ಈ ಪಾಠವನ್ನು ಒಂದೇ ರೀತಿ ಮುಗಿಸಿದ್ದೆ. ಬೋರ್ಡಿನ ಮೇಲೆ ನರಕೋಶದ ಚಿತ್ರ, ಡೆಂಡ್ರೈಟ್ (ಸುದ್ದಿ ಪಡೆಯುವ ಕವಲು), ಆಕ್ಸಾನ್ (ಸುದ್ದಿ ಮುಂದಕ್ಕೆ ಒಯ್ಯುವ ಉದ್ದನೆಯ ಎಳೆ) ಅಂತ ಹೆಸರು, ಆಮೇಲೆ ಮಿದುಳಿನ ಭಾಗಗಳು. ಪರೀಕ್ಷೆಗೆ ಅದು ಸಾಕಾಗುತ್ತಿತ್ತು. ಆದರೆ ಆ ಹುಡುಗನಿಗೆ ಕೊಡಲು ನನ್ನ ಹತ್ತಿರ ಒಂದು ಸಂಖ್ಯೆಯೂ ಇರಲಿಲ್ಲ. “ನಾಳೆ ಹೇಳ್ತೀನಿ ಕಣೋ” ಅಂದೆ. ಸರಿಯಾಗಿ ಹೇಳಲು ಮೂರು ವಾರ ಹಿಡಿಯಿತು.

ಮೊದಲು ಮಕ್ಕಳ ತಲೆಯಲ್ಲಿ ಏನಿದೆ ಅಂತ ಕೇಳಿದೆ. ಹೆಚ್ಚಿನವರು ಹೇಳಿದ್ದು ಒಂದೇ: ನರ ಅಂದರೆ ವೈರು, ಅದರಲ್ಲಿ ಕರೆಂಟ್ ಹರಿಯುತ್ತೆ, ಸ್ವಿಚ್ ಒತ್ತಿದ ಕೂಡಲೇ ಬಲ್ಬ್ ಹತ್ತುವ ಹಾಗೆ. ತಪ್ಪು ಅವರದ್ದಲ್ಲ. ನಾನೇ ಎಷ್ಟೋ ಸಲ ‘ವೈರಿನ ಹಾಗೆ’ ಅಂತ ಹೇಳಿದ್ದೆ. 1850ಕ್ಕೆ ಮೊದಲು ದೊಡ್ಡ ವಿಜ್ಞಾನಿಗಳಿಗೂ ನರದ ಸುದ್ದಿಯ ವೇಗ ಅಳೆಯಬಹುದು ಎಂಬ ನಂಬಿಕೆ ಇರಲಿಲ್ಲ. ಜರ್ಮನಿಯ ಯೊಹಾನೆಸ್ ಮ್ಯೂಲರ್ ಹಾಗೇ ತಿಳಿದಿದ್ದರು. ಅಳೆದು ತೋರಿಸಿದ್ದು ಅವರ ಶಿಷ್ಯ ಹರ್ಮನ್ ವಾನ್ ಹೆಲ್ಮ್‌ಹೋಲ್ಟ್ಜ್. ಕಪ್ಪೆಯ ಕಾಲಿನ ಸ್ನಾಯುವನ್ನು ಅದರ ನರದ ಸಮೇತ ತೆಗೆದರು. ನರವನ್ನು ಸ್ನಾಯುವಿನ ಹತ್ತಿರ ಒಮ್ಮೆ ಪ್ರಚೋದಿಸಿದರು, ದೂರದಲ್ಲಿ ಒಮ್ಮೆ. ದೂರದಿಂದ ಹೊರಟ ಸುದ್ದಿ ಸ್ವಲ್ಪ ತಡವಾಗಿ ತಲುಪಿತು. ಆ ತಡದಿಂದ ವೇಗ ಸಿಕ್ಕಿತು: ಸೆಕೆಂಡಿಗೆ ಸುಮಾರು 30 ಮೀಟರ್.

ಇದನ್ನು ಓದಿದಾಗ ಮೈ ಜುಮ್ಮೆಂದಿತು. ಎರಡು ಜಾಗದಿಂದ ಸುದ್ದಿ ಕಳಿಸಿ ಸಮಯದ ವ್ಯತ್ಯಾಸ ನೋಡಿದರೆ ಸಾಕು. ಉಳಿದ ಎಲ್ಲಾ ತಡವೂ ಎರಡರಲ್ಲೂ ಒಂದೇ, ಹಾಗಾಗಿ ಕಳೆದುಹೋಗುತ್ತೆ. ಇದಕ್ಕೆ ಕಪ್ಪೆ ಯಾಕೆ ಬೇಕು? ನನ್ನ ತರಗತಿಯಲ್ಲಿ 36 ಮಕ್ಕಳಿದ್ದಾರೆ, ಅಲ್ವಾ?

ಮಕ್ಕಳು ಮೈದಾನದಲ್ಲಿ ಅರ್ಧಚಂದ್ರದ ಹಾಗೆ, ಮಂಡಿ ಮಡಚಿ ಕೂರಬೇಕು. ಪ್ರತಿಯೊಬ್ಬರ ಬಲಗೈ ಪಕ್ಕದವರ ಎಡ ಭುಜದ ಮೇಲೆ. ತನ್ನ ಭುಜ ಒತ್ತಿದ್ದು ಗೊತ್ತಾದ ಕೂಡಲೇ ಪಕ್ಕದವರ ಭುಜ ಒತ್ತಬೇಕು. ಮೊದಲನೆಯವರ ಭುಜವನ್ನು ನಾನು ಒತ್ತಿ ಮೊಬೈಲಿನ ಸ್ಟಾಪ್‌ವಾಚ್ ಶುರು ಮಾಡುತ್ತೇನೆ. ಕೊನೆಯವರು ಕೈ ಎತ್ತಿದಾಗ ನಿಲ್ಲಿಸುತ್ತೇನೆ. ಆಮೇಲೆ ಇದನ್ನೇ ಭುಜದ ಬದಲು ಪಾದದ ಗಂಟು ಹಿಡಿದು ಮಾಡುವುದು. ಸುದ್ದಿ ಪಾದದಿಂದ ಕುತ್ತಿಗೆಯವರೆಗೆ ಬರಬೇಕು. ಭುಜದಿಂದಾದರೆ ಗೇಣು ದೂರವಷ್ಟೇ. ಅಲ್ಲಿಂದ ಮುಂದೆ ಮಿದುಳಿಗೆ ಹೋಗಿ ಕೈಗೆ ಬರುವ ದಾರಿ ಎರಡರಲ್ಲೂ ಒಂದೇ. ಟೇಪು ಹಿಡಿದು ಅಳೆದೆವು. ಒಬ್ಬೊಬ್ಬರಲ್ಲಿ ಹೆಚ್ಚಿನ ದೂರ ಸರಾಸರಿ 1 ಮೀಟರ್ ಬಂತು. 36 ಜನಕ್ಕೆ 36 ಮೀಟರ್.

ಪಾದ ಹಿಡಿಯುವುದು ನಮ್ಮೂರಲ್ಲಿ ಸುಲಭದ ಮಾತಲ್ಲ. ಹುಡುಗರೆಲ್ಲ ಒಂದು ಕಡೆ, ಹುಡುಗಿಯರೆಲ್ಲ ಇನ್ನೊಂದು ಕಡೆ ಕೂತರು. ಎರಡೂ ಗುಂಪು ಸೇರುವ ಜಾಗದಲ್ಲಿ ಒಬ್ಬ ಹುಡುಗಿಯನ್ನೂ ಅವಳ ದೊಡ್ಡಪ್ಪನ ಮಗನನ್ನೂ ಕೂರಿಸಿದೆ. ಇಂಥದ್ದನ್ನು ಮೊದಲೇ ಯೋಚಿಸಿಟ್ಟುಕೊಳ್ಳದಿದ್ದರೆ ಅರ್ಧ ಪೀರಿಯಡ್ ನಾಚಿಕೆಯಲ್ಲೇ ಹೋಗುತ್ತೆ.

ಮೊದಲ ದಿನ ಎಲ್ಲಾ ಉಲ್ಟಾ ಆಯಿತು. ಭುಜಕ್ಕೆ 13.2 ಸೆಕೆಂಡ್, ಪಾದಕ್ಕೆ 11.6. ಅಂದರೆ ದೂರದಿಂದ ಬಂದ ಸುದ್ದಿ ಬೇಗ ಬಂತು! ನನಗೆ ಏನೂ ತೋಚಲಿಲ್ಲ. ಮಕ್ಕಳನ್ನೇ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಒಬ್ಬಳು ಹೇಳಿದಳು, “ಮಿಸ್, ಭುಜದ್ದು ಮೊದಲು ಮಾಡಿದ್ವಿ. ಪಾದದ್ದು ಮಾಡೋ ಹೊತ್ತಿಗೆ ಅಭ್ಯಾಸ ಆಗೋಗಿತ್ತು.” ಅವಳ ಮಾತು ನಿಜ. ಆಡುತ್ತಾ ಆಡುತ್ತಾ ಮಿದುಳು ಚುರುಕಾಗಿತ್ತು, ಆ ಚುರುಕಿನ ಅಡಿಯಲ್ಲಿ ನರದ ಸಣ್ಣ ತಡ ಮುಚ್ಚಿಹೋಗಿತ್ತು.

ಮುಂದಿನ ವಾರ ಕ್ರಮ ಬದಲಿಸಿದೆವು. ಸಮಯ ಇಳಿಯುವುದು ನಿಲ್ಲುವ ತನಕ ಬರೀ ಅಭ್ಯಾಸ. ಆಮೇಲೆ ಒಂದು ಸಲ ಭುಜ, ಒಂದು ಸಲ ಪಾದ, ಹೀಗೆ ಆರಾರು ಸಲ. ಎಲ್ಲರೂ ಕಣ್ಣು ಮುಚ್ಚಬೇಕು. ಇಲ್ಲದಿದ್ದರೆ ಸಾಲಿನಲ್ಲಿ ಸುದ್ದಿ ಬರುತ್ತಿರುವುದನ್ನು ನೋಡಿ ಮೊದಲೇ ತಯಾರಾಗುತ್ತಾರೆ. ಭುಜದ ಸರಾಸರಿ 8.94 ಸೆಕೆಂಡ್, ಪಾದದ್ದು 9.71. ವ್ಯತ್ಯಾಸ 0.77. ಮೂವತ್ತಾರನ್ನು ಅದರಿಂದ ಭಾಗಿಸಿದರೆ ಸೆಕೆಂಡಿಗೆ ಸುಮಾರು 47 ಮೀಟರ್. ಆಸ್ಪತ್ರೆಯಲ್ಲಿ ಯಂತ್ರ ಇಟ್ಟು ನರ ಪರೀಕ್ಷೆ ಮಾಡಿದಾಗ ಆರೋಗ್ಯವಂತರ ಕಾಲಿನ ನರದಲ್ಲಿ ಸಾಮಾನ್ಯವಾಗಿ ಸೆಕೆಂಡಿಗೆ 40 ಮೀಟರಿಗಿಂತ ಜಾಸ್ತಿ ಬರುತ್ತೆ. ನಮ್ಮದು ಬೆರಳಿನಿಂದ ಒತ್ತಿದ ಸ್ಟಾಪ್‌ವಾಚ್. ಇನ್ನೊಂದು ದಿನ ಮಾಡಿದ್ದರೆ 38 ಬರಬಹುದಿತ್ತು, 60 ಬರಬಹುದಿತ್ತು. ಅದನ್ನೂ ಮಕ್ಕಳಿಗೆ ಹೇಳಿದೆ. ಆದರೂ ಬೋರ್ಡಿನ ಮೇಲೆ 47 ಅಂತ ಬರೆದಾಗ ಅವರು ಹೊಡೆದ ಚಪ್ಪಾಳೆ ಇನ್ನೂ ಕಿವಿಯಲ್ಲಿದೆ.

ಈಗ ವೈರಿನ ಮಾತಿಗೆ ಬಂದೆವು. ವೈರಿನಲ್ಲಾದರೆ ಇಷ್ಟು ತಡ ಆಗುವುದೇ ಇಲ್ಲ. ಹಾಗಾದರೆ ನರದಲ್ಲಿ ಓಡುವುದು ಏನು? ಸುಮ್ಮನಿರುವ ನರಕೋಶದ ಒಳಗಡೆ, ಹೊರಗಿಗಿಂತ ಸುಮಾರು 70 ಮಿಲಿವೋಲ್ಟ್ ಕಡಿಮೆ ಇರುತ್ತೆ. ಪ್ರಚೋದನೆ ಬಿದ್ದ ಜಾಗದಲ್ಲಿ ಪೊರೆಯ ಸಣ್ಣ ಬಾಗಿಲುಗಳು ತೆರೆದು ಸೋಡಿಯಂ ಅಯಾನುಗಳು, ಅಂದರೆ ವಿದ್ಯುದಾವೇಶ ಇರುವ ಕಣಗಳು, ಒಳಗೆ ನುಗ್ಗುತ್ತವೆ. ಆ ಬದಲಾವಣೆ ಪಕ್ಕದ ಬಾಗಿಲುಗಳನ್ನು ತೆರೆಸುತ್ತೆ. ಅದು ಅದರ ಪಕ್ಕದ್ದನ್ನು. ಹಿಂದೆಯೇ ಪೊಟ್ಯಾಸಿಯಂ ಹೊರಗೆ ಹೋಗಿ ಮೊದಲಿನ ಸ್ಥಿತಿ ಬರುತ್ತೆ. ಅಂದರೆ ನಾವು ಕೂತಿದ್ದ ಸಾಲೇ ಒಂದು ಆಕ್ಸಾನ್! ಯಾರೂ ಜಾಗ ಬಿಟ್ಟು ಓಡಲಿಲ್ಲ, ಪ್ರತಿಯೊಬ್ಬರೂ ಪಕ್ಕದವರನ್ನು ಎಬ್ಬಿಸಿದರು ಅಷ್ಟೇ. ಥರ್ಮಾಕೋಲ್ ಮಾದರಿ ಎಷ್ಟು ಚೆನ್ನಾಗಿದ್ದರೂ ಇದನ್ನು ತೋರಿಸಲಾರದು.

ಸಾಲಿನಿಂದಲೇ ಒಳ್ಳೊಳ್ಳೆ ಪ್ರಶ್ನೆಗಳು ಹುಟ್ಟಿದವು. “ಜೋರಾಗಿ ಒತ್ತಿದ್ರೆ ಸುದ್ದಿ ಬೇಗ ಹೋಗುತ್ತಾ ಮಿಸ್?” ಇಲ್ಲ. ನರದಲ್ಲಿ ಒಂದೊಂದು ಸುದ್ದಿಯೂ ಒಂದೇ ಗಾತ್ರದ್ದು. ಪೆಟ್ಟು ಜೋರಾದರೆ ಸುದ್ದಿಗಳ ಸಂಖ್ಯೆ ಜಾಸ್ತಿಯಾಗುತ್ತೆ, ಒಂದರ ಹಿಂದೆ ಒಂದು ಬೇಗ ಬೇಗ ಬರುತ್ತವೆ. “ವಾಪಸ್ ಯಾಕೆ ಹೋಗಲ್ಲ?” ಈಗಷ್ಟೇ ಕೆಲಸ ಮಾಡಿದ ಜಾಗಕ್ಕೆ ಒಂದು ಗಳಿಗೆ ಸುಧಾರಿಸಿಕೊಳ್ಳಲು ಬೇಕು, ಅಷ್ಟರಲ್ಲಿ ಸುದ್ದಿ ಮುಂದೆ ಹೋಗಿರುತ್ತೆ.

ನನಗೆ ತುಂಬಾ ಇಷ್ಟವಾದದ್ದು ಹೊಸ್ತಿಲಿನ ಮಾತು. ಕತ್ತಲಲ್ಲಿ ಹೊಸ್ತಿಲಿಗೆ ಕಾಲ್ಬೆರಳು ಎಡವಿದ್ದು ಯಾರಿಗೆ ನೆನಪಿಲ್ಲ? ತಗುಲಿದ್ದು ಮೊದಲು ಗೊತ್ತಾಗುತ್ತೆ. ‘ಅಯ್ಯೋ, ಈಗ ನೋವು ಬರುತ್ತೆ’ ಅಂದುಕೊಳ್ಳುವಷ್ಟು ಸಮಯವೂ ಸಿಗುತ್ತೆ. ಆಮೇಲೆ ಆ ಉರಿಯುವ ನೋವು ಬರುತ್ತೆ. ಸ್ಪರ್ಶದ ಸುದ್ದಿ ತರುವ ದಪ್ಪ ಎಳೆಗಳಿಗೆ ಮಯಲಿನ್ ಎಂಬ ಕೊಬ್ಬಿನ ಪೊರೆ ಸುತ್ತಿರುತ್ತೆ. ಅಲ್ಲಿ ಸುದ್ದಿ ಪೊರೆಯಿಲ್ಲದ ಸಂದಿನಿಂದ ಸಂದಿಗೆ ನೆಗೆಯುತ್ತಾ ಹೋಗುತ್ತೆ. ಉರಿನೋವು ತರುವ ತೆಳು ಎಳೆಗಳಿಗೆ ಈ ಪೊರೆ ಇಲ್ಲ. ಅವುಗಳ ವೇಗ ಸೆಕೆಂಡಿಗೆ 1 ಮೀಟರ್ ಆಸುಪಾಸು. ಕಾಲ್ಬೆರಳಿನಿಂದ ತಲೆಗೆ ಒಂದೂವರೆ ಮೀಟರ್ ಅಂದರೆ ಒಂದು ಸೆಕೆಂಡಿಗಿಂತ ಜಾಸ್ತಿ ಹೊತ್ತು. ಲೆಕ್ಕ ಹಾಕಿದಾಗ ಮಕ್ಕಳು ತಮ್ಮ ಕಾಲನ್ನೇ ಹೊಸದಾಗಿ ನೋಡುವಂತೆ ನೋಡಿಕೊಂಡರು.

ಆ ಹುಡುಗನ ಪ್ರಶ್ನೆಗೂ ಉತ್ತರ ಸಿಕ್ಕಿತು. ಬಿಸಿ ಪಾತ್ರೆ ಮುಟ್ಟಿದಾಗ ಸುದ್ದಿ ಮಿದುಳಿನ ಅಪ್ಪಣೆಗೆ ಕಾಯುವುದಿಲ್ಲ. ಬೆನ್ನುಮೂಳೆಯೊಳಗಿನ ಮಿದುಳುಬಳ್ಳಿಯಿಂದಲೇ ಸ್ನಾಯುವಿಗೆ ಆದೇಶ ತಿರುಗುತ್ತೆ. ಇಲ್ಲಿ ಕೆಲಸ ಮಾಡುವ ಚುರುಕು ನೋವಿನ ಎಳೆಗಳು ಉರಿನೋವಿನವಕ್ಕಿಂತ ಬೇಗ, ಸ್ಪರ್ಶದವಕ್ಕಿಂತ ನಿಧಾನ. ಎಲ್ಲಾ ಸೇರಿಸಿದರೆ ಸೆಕೆಂಡಿನ ಹತ್ತನೇ ಒಂದು ಭಾಗದ ಆಸುಪಾಸು. ಯೋಚಿಸಿ ಮಾಡುವ ಕೆಲಸ ಇದಕ್ಕಿಂತ ನಿಧಾನ. ಮೇಲಿನಿಂದ ಬಿಟ್ಟ ಸ್ಕೇಲನ್ನು ಅವನು 17 ಸೆಂಟಿಮೀಟರ್ ಗುರುತಿನ ಹತ್ತಿರ ಹಿಡಿದ. ಸ್ಕೇಲು ಅಷ್ಟು ದೂರ ಬೀಳಲು ಹಿಡಿಯುವ ಹೊತ್ತು 0.19 ಸೆಕೆಂಡ್. “ಹಾಗಾದ್ರೆ ಕೈ ತೆಗೆದ ಮೇಲೆ ಬಿಸಿ ಅಂತ ಗೊತ್ತಾಗೋದಾ ಮಿಸ್?” ಅಂತ ಕೇಳಿದ. ಹೌದು ಕಣೋ, ಅದೇ.

ಕೊನೆಗೆ ಹೇರ್‌ಪಿನ್ ಪ್ರಯೋಗ ಮನೆಗೆ ಕೊಟ್ಟೆ. ಹೇರ್‌ಪಿನ್ನಿನ ಎರಡು ಮೊಂಡು ತುದಿಗಳನ್ನು ಸ್ವಲ್ಪ ಅಗಲಿಸಿ ಚರ್ಮಕ್ಕೆ ಮೆಲ್ಲಗೆ ತಾಗಿಸುವುದು. ಕಣ್ಣು ಮುಚ್ಚಿದವರು ಒಂದಾ ಎರಡಾ ಅಂತ ಹೇಳಬೇಕು. ಬೆರಳ ತುದಿಯಲ್ಲಿ ಎರಡು ಮೂರು ಮಿಲಿಮೀಟರ್ ಅಂತರವೂ ಗೊತ್ತಾಗುತ್ತೆ. ಬೆನ್ನಿನ ಮೇಲೆ ಮೂರು ನಾಲ್ಕು ಸೆಂಟಿಮೀಟರ್ ಬೇಕು, ಯಾಕೆಂದರೆ ಅಲ್ಲಿ ಸ್ಪರ್ಶದ ನರತುದಿಗಳು ವಿರಳ. ಮನೆಯ ಎಲ್ಲರ ಮೇಲೂ ಮಾಡಿ ಬರೆದು ತನ್ನಿ ಅಂದಿದ್ದೆ.

ಮರುದಿನ ಒಬ್ಬಳು ಪುಸ್ತಕ ಹಿಡಿದು ಸ್ಟಾಫ್ ರೂಮಿಗೆ ಬಂದಳು. ಅವಳ ಅಜ್ಜಿಯ ಅಂಗಾಲಿನ ಮುಂದೆ ‘ಸೊನ್ನೆ’ ಅಂತ ಬರೆದಿದ್ದಳು. “ಅಜ್ಜಿಗೆ ಎರಡಲ್ಲ, ಒಂದೂ ಗೊತ್ತಾಗ್ಲಿಲ್ಲ ಮಿಸ್. ನಾನು ಇನ್ನೂ ಮುಟ್ಟೇ ಇಲ್ಲ ಅಂದ್ಕೊಂಡಿದ್ರು.” ಅಜ್ಜಿಗೆ ಎಷ್ಟು ವರ್ಷದಿಂದ ಸಕ್ಕರೆ ಕಾಯಿಲೆ ಅಂತ ಕೇಳಿದೆ. ಹದಿನೈದು ವರ್ಷ ಅಂದಳು. ರಕ್ತದಲ್ಲಿ ಸಕ್ಕರೆ ಬಹುಕಾಲ ಜಾಸ್ತಿ ಇದ್ದರೆ ನರಗಳು ಹಾಳಾಗುತ್ತವೆ, ಅದರಲ್ಲೂ ಅತಿ ಉದ್ದದವು ಮೊದಲು. ಅದಕ್ಕೇ ಅದು ಪಾದದಿಂದ ಶುರುವಾಗುತ್ತೆ. ಮುಳ್ಳು ಚುಚ್ಚಿದರೂ ಸುದ್ದಿ ಹೋಗುವುದಿಲ್ಲ, ಗಾಯ ಕೀವಾಗುವ ತನಕ ಗೊತ್ತಾಗುವುದಿಲ್ಲ. ಅವತ್ತೇ ಆ ಹುಡುಗಿಯ ಅಪ್ಪನಿಗೆ ಫೋನ್ ಮಾಡಿ ಡಾಕ್ಟರಿಗೆ ತೋರಿಸಿ ಅಂದೆ.

ಡಾಕ್ಟರ್ ಒಂದು ತೆಳು ನೈಲಾನ್ ಎಳೆಯಿಂದ ಅಂಗಾಲಿನ ಬೇರೆ ಬೇರೆ ಕಡೆ ಮುಟ್ಟಿ ನೋಡಿದರಂತೆ. ಎಡಗಾಲಿನ ಬೆರಳ ಸಂದಿಯಲ್ಲಿ ಒಂದು ಸಣ್ಣ ಗಾಯ ಆಗಲೇ ಇತ್ತು. ಅದು ವಾಸಿಯಾಯಿತು. ಬರಿಗಾಲಲ್ಲಿ ತೋಟಕ್ಕೆ ಹೋಗಬಾರದು, ದಿನಾ ಪಾದ ನೋಡಿಕೊಳ್ಳಬೇಕು ಅಂತ ಹೇಳಿ ಕಳಿಸಿದರಂತೆ. ಅಜ್ಜಿಗೆ ಬಗ್ಗಲು ಆಗುವುದಿಲ್ಲ. ರಾತ್ರಿ ಊಟ ಆದ ಮೇಲೆ ಮೊಮ್ಮಗಳು ಟಾರ್ಚ್ ಹಿಡಿದು ನೋಡುತ್ತಾಳೆ.