ಐಸ್‌ಕ್ರೀಂ ಕಡ್ಡಿಯಲ್ಲಿ ಕವಣೆ ಕಟ್ಟೋಣ

ಕವಣೆ ಕಟ್ಟುವ ಮೊದಲೇ ಅದರಲ್ಲಿ ಏನು ಹಾರಿಸುವುದು ಅಂತ ತೀರ್ಮಾನ ಆಗಿಬಿಡಲಿ. ಹತ್ತಿ ಉಂಡೆ, ಕಾಗದದ ಉಂಡೆ, ಸ್ಪಂಜಿನ ತುಂಡು ಆಗಬಹುದು. ಗೋಲಿ, ಕಲ್ಲು, ನಾಣ್ಯ, ಪೆನ್ಸಿಲ್ ಖಂಡಿತ ಬೇಡ. ಆಟ ರಂಗೇರಿದ ಮೇಲೆ ಹೇಳಿದರೆ ಮಕ್ಕಳು ಎಲ್ಲಿ ಕೇಳುತ್ತಾರೆ? ಇನ್ನೆರಡು ನಿಯಮಗಳನ್ನೂ ಈಗಲೇ ಹೇಳಿಬಿಡಿ. ಜನರತ್ತ, ಪ್ರಾಣಿಗಳತ್ತ ಗುರಿ ಇಡುವಂತಿಲ್ಲ. ಕವಣೆಯ ಮೇಲೆ ಮುಖ ಬಗ್ಗಿಸುವಂತಿಲ್ಲ.

ಬೇಕಾಗುವುದು ಇಷ್ಟು: 9 ಐಸ್‌ಕ್ರೀಂ ಕಡ್ಡಿ, 4-5 ರಬ್ಬರ್ ಬ್ಯಾಂಡ್, ಬಾಟಲಿಯ ಪ್ಲಾಸ್ಟಿಕ್ ಮುಚ್ಚಳ, ಎರಡೂ ಬದಿ ಅಂಟುವ ಟೇಪು. ಗೋಂದೂ ನಡೆಯುತ್ತದೆ, ಆದರೆ ಒಣಗುವ ತನಕ ಕಾಯುವ ತಾಳ್ಮೆ ಮಕ್ಕಳಿಗೆ ಇರಬೇಕಲ್ವಾ?

ಮೊದಲು 7 ಕಡ್ಡಿಗಳನ್ನು ಒಂದರ ಮೇಲೊಂದು ಜೋಡಿಸಿ, ಎರಡೂ ತುದಿಗೆ ರಬ್ಬರ್ ಬ್ಯಾಂಡ್ ಬಿಗಿಯಾಗಿ ಸುತ್ತಿ. ಇದು ಕವಣೆಯ ಕಟ್ಟು. ಉಳಿದ 2 ಕಡ್ಡಿಗಳನ್ನು ಜೊತೆ ಮಾಡಿ ಒಂದೇ ತುದಿಗೆ ಬ್ಯಾಂಡ್ ಹಾಕಿ. ತೀರಾ ಅಂಚಿಗೆ ಹಾಕಿದರೆ ಜಾರಿಬಿಡುತ್ತದೆ, 1 ಸೆಂ.ಮೀ. ಒಳಗಿರಲಿ.

ಈಗ ಆ ಜೋಡಿಯ ಬಿಡಿ ತುದಿಯನ್ನು ಅಗಲಿಸಿ, ನಡುವೆ ಕಟ್ಟನ್ನು ಅಡ್ಡಲಾಗಿ ತೂರಿಸಿ. ಬ್ಯಾಂಡ್ ಹಾಕಿದ ತುದಿಯ ಕಡೆಗೆ ಮೆಲ್ಲಗೆ ತಳ್ಳಿ. ಕಡ್ಡಿ ಚಟಚಟ ಅಂದರೆ ಅಲ್ಲೇ ನಿಲ್ಲಿಸಿ. ಜೋಡಿಯೂ ಕಟ್ಟೂ ಅಡ್ಡ ಸೇರುವ ಜಾಗಕ್ಕೆ ಇನ್ನೊಂದು ಬ್ಯಾಂಡನ್ನು ಓರೆಯಾಗಿ ಸುತ್ತಿ ಬಿಗಿ ಮಾಡಿ. ಮೇಲಿನ ಕಡ್ಡಿಯ ಬಿಡಿ ತುದಿಗೆ ಮುಚ್ಚಳವನ್ನು ಬಾಯಿ ಮೇಲೆ ಬರುವಂತೆ ಅಂಟಿಸಿ. ಕವಣೆ ಸಿದ್ಧ.

ಬ್ಯಾಂಡ್ ಕಟ್ಟಿದ ತುದಿ ಗುರಿಯ ಕಡೆಗಿರಲಿ, ಮುಚ್ಚಳ ನಿಮ್ಮ ಕಡೆಗೆ. ಒಂದು ಕೈಯಲ್ಲಿ ಕೆಳಗಿನ ಕಡ್ಡಿ ಹಿಡಿದು, ಇನ್ನೊಂದು ಕೈಯ ಬೆರಳಿಂದ ಮುಚ್ಚಳವನ್ನು ಒತ್ತಿ ಬಿಟ್ಟುಬಿಡಿ. ಬಗ್ಗಿದ ಕಡ್ಡಿ, ಎಳೆದ ರಬ್ಬರ್ ಎರಡೂ ಮೊದಲಿನ ಆಕಾರಕ್ಕೆ ಮರಳಲು ಹವಣಿಸುತ್ತವೆ. ನೀವು ಒತ್ತಿದಾಗ ಹಾಕಿದ ಶಕ್ತಿಯೇ ಉಂಡೆಯನ್ನು ಚಿಮ್ಮಿಸುತ್ತದೆ.

ಮಕ್ಕಳು ಮೊದಲು ಸುಮ್ನೆ ಮನಸೋ ಇಚ್ಛೆ ಹಾರಿಸಲಿ, ಪಾಠ ಬೇಡ. ಸ್ವಲ್ಪ ಹೊತ್ತಿಗೆ "ಇನ್ನೂ ದೂರ ಹೋಗಲ್ವಾ?" ಅಂತ ಅವರೇ ಕೇಳುತ್ತಾರೆ. ನನ್ನ ಪ್ರಕಾರ ನಿಜವಾದ ಮಜಾ ಶುರುವಾಗುವುದೇ ಆಗ. ಉತ್ತರ ಹೇಳಬೇಡಿ, ಏನಾದರೂ ಒಂದನ್ನು ಬದಲಿಸಿ ನೋಡಲು ಬಿಡಿ. ಒಂದು ಸಲಕ್ಕೆ ಒಂದೇ. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಅಂತ ಗೊತ್ತಾಗುವುದಿಲ್ಲ.

ಉಂಡೆ ದೂರ ಹೋಗದೆ ಸೀದಾ ಮೇಲಕ್ಕೆ ಏರುತ್ತಿದೆಯಾ? ಮುಚ್ಚಳವಿರುವ ಬದಿಯ ಕೆಳಗೆ ಪುಸ್ತಕ ಇಟ್ಟು ಎತ್ತರಿಸಿ. ಉಂಡೆ ಮುಂದಕ್ಕೆ ಹೋಗುತ್ತದೆ. ಜಾಸ್ತಿ ಎತ್ತರಿಸಿದರೆ ಮೇಲೇರದೆ ಬೇಗ ನೆಲಕ್ಕೆ ಬೀಳುತ್ತದೆ. ಇವೆರಡರ ನಡುವೆ ಎಲ್ಲೋ ಅತಿ ದೂರದ ಏಟು ಇದೆ. ಗಾಳಿಯ ತಡೆ ಇಲ್ಲದಿದ್ದರೆ, ಹಾರಿದ ಎತ್ತರಕ್ಕೇ ಬಂದು ಬೀಳುವ ವಸ್ತು ಅತಿ ದೂರ ಹೋಗಲು ನೆಲದಿಂದ ಮೇಲೇಳಬೇಕಾದ ಕೋನ 45 ಡಿಗ್ರಿ. ಹಗುರ ಉಂಡೆಗೆ ಗಾಳಿ ತುಂಬ ಅಡ್ಡಿ ಮಾಡುವುದರಿಂದ ಅದು ಇನ್ನೂ ಕಡಿಮೆ ಇರುತ್ತದೆ. ಕೋನಮಾಪಕವೆಲ್ಲ ಬೇಡ, ನೆಲದ ಮೇಲೆ ಟೇಪಿನ ಗುರುತು ಹಾಕುತ್ತಾ ಹೋದರೆ ಮಕ್ಕಳೇ ಕಂಡುಕೊಳ್ಳುತ್ತಾರೆ.

ಹತ್ತಿ ಉಂಡೆಯ ಜಾಗಕ್ಕೆ ಗಟ್ಟಿಯಾಗಿ ಮುದುಡಿದ ಕಾಗದ ಹಾಕಿ ನೋಡಿ. ಸಾಮಾನ್ಯವಾಗಿ ಕಾಗದವೇ ಗೆಲ್ಲುತ್ತದೆ, ಯಾಕಂದರೆ ಹತ್ತಿಯನ್ನು ಗಾಳಿ ಬೇಗ ತಡೆದುಬಿಡುತ್ತದೆ. ಕಟ್ಟಿನ ಕಡ್ಡಿಗಳನ್ನು 7ರಿಂದ 5ಕ್ಕೆ ಇಳಿಸಿ, 9ಕ್ಕೆ ಏರಿಸಿ ನೋಡಬಹುದು. ಏರಿಸುವಾಗ ಕಡ್ಡಿ ಮುರಿಯಬಹುದು, ಚೂರು ಕಣ್ಣಿಗೆ ಸಿಡಿಯದ ಹಾಗೆ ದೊಡ್ಡವರೇ ಮೊದಲು ಒತ್ತಿ ಪರೀಕ್ಷಿಸಿ.

ಕವಣೆ ಬೇಸರವಾದರೆ ಪೇಪರ್ ಲೋಟ ಹುಡುಕಿ. ಅದರ ತಳ ಕತ್ತರಿಸಿ ತೆಗೆಯುವ ಕೆಲಸ ದೊಡ್ಡವರದು. ಬಲೂನನ್ನು ಊದದೆ ಬಾಯಿಗೆ ಗಂಟು ಹಾಕಿ, ಎದುರು ತುದಿ ಕತ್ತರಿಸಿ, ಲೋಟದ ಒಂದು ಬದಿಗೆ ಎಳೆದು ಹಾಕಿ ಟೇಪು ಸುತ್ತಿ. ಒಳಗೆ ಹತ್ತಿ ಉಂಡೆ ಹಾಕಿ, ಗಂಟನ್ನು ಹಿಂದಕ್ಕೆಳೆದು ಬಿಡಿ. ಕತ್ತರಿಸಿದ ಬಲೂನಿನ ಚೂರುಗಳನ್ನು ತಕ್ಷಣ ಎತ್ತಿಡಿ. ಪುಟ್ಟ ಮಕ್ಕಳು ಬಾಯಿಗೆ ಹಾಕಿಕೊಂಡರೆ ಉಸಿರು ಕಟ್ಟುತ್ತದೆ.

ಇನ್ನೂ ಸುಲಭದ್ದು ಬೇಕಾದರೆ ಕಾಗದದ ರಾಕೆಟ್. ಸ್ಟ್ರಾ ಸುತ್ತ ಕಾಗದದ ಪಟ್ಟಿಯನ್ನು ಸ್ವಲ್ಪ ಸಡಿಲವಾಗಿ ಸುತ್ತಿ ಟೇಪು ಹಾಕಿ. ಕೊಳವೆಯ ಒಂದು ತುದಿ ಮಡಚಿ ಮುಚ್ಚಿ, ಸ್ಟ್ರಾಗೆ ಸಿಕ್ಕಿಸಿ ಊದಿ. ಹಾರದಿದ್ದರೆ ಮೊದಲು ಮೂತಿ ನೋಡಿ, ಬಹುಶಃ ಅಲ್ಲೇ ಗಾಳಿ ಸೋರುತ್ತಿರುತ್ತದೆ.