ಅರಿಶಿನದಿಂದ ಕರ್ಕ್ಯುಮಿನ್: ನಾನು ಕಾಲಮ್ ಹಾಕುವ ಬಗೆ

ಅರಿಶಿನದ ಹಳದಿಯಲ್ಲಿ ಮೂರು ವಸ್ತುಗಳು ಕೂಡಿಕೊಂಡಿವೆ: ಕರ್ಕ್ಯುಮಿನ್, ಡಿಮಿಥಾಕ್ಸಿ ಕರ್ಕ್ಯುಮಿನ್, ಬಿಸ್‌ಡಿಮಿಥಾಕ್ಸಿ ಕರ್ಕ್ಯುಮಿನ್. ಅಂಗಡಿಯಲ್ಲಿ 'ಕರ್ಕ್ಯುಮಿನ್' ಎಂದು ಸಿಗುವ ಪುಡಿಯಲ್ಲೂ ಮೊದಲನೆಯದು ಇರುವುದು ಶೇ. 77ರ ಆಸುಪಾಸು ಮಾತ್ರ. ಸಿಲಿಕಾ ಪುಡಿ ತುಂಬಿದ ಗಾಜಿನ ಕೊಳವೆಯಲ್ಲಿ ದ್ರಾವಕ ಹರಿಸಿ ಮಿಶ್ರಣದ ವಸ್ತುಗಳನ್ನು ಬೇರೆ ಬೇರೆ ಪಟ್ಟಿಗಳಾಗಿ ಇಳಿಸುವುದೇ ಕಾಲಮ್ ಕ್ರೊಮ್ಯಾಟೊಗ್ರಫಿ. ಅದನ್ನು ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಮಿಶ್ರಣ ನನಗೆ ಕಂಡಿಲ್ಲ. ಮಾಡಿದ ತಪ್ಪು ಬಣ್ಣದಲ್ಲೇ ಕಾಣಿಸುತ್ತದೆ.

20 ಗ್ರಾಂ ಅರಿಶಿನ ಪುಡಿಗೆ 50 ಮಿಲಿ ಡೈಕ್ಲೋರೋಮೀಥೇನ್ ಹಾಕಿ ಒಂದು ಗಂಟೆ ರಿಫ್ಲಕ್ಸ್ ಮಾಡುತ್ತೇನೆ (ಆವಿ ತಣಿದು ಮತ್ತೆ ಫ್ಲಾಸ್ಕ್‌ಗೇ ಬೀಳುವಂತೆ ಕುದಿಸುವುದು). ಇದು 40 ಡಿಗ್ರಿಗೇ ಕುದಿಯುತ್ತದೆ, ಹಾಗಾಗಿ ಬಿಸಿನೀರಿನ ಬಾತ್ 50 ದಾಟಬಾರದು. ಎಲ್ಲವೂ ಫ್ಯೂಮ್ ಹುಡ್ (ಆವಿಯನ್ನು ಹೊರಗೆಳೆಯುವ ಕಪಾಟು) ಒಳಗೇ ಆಗಬೇಕು. ನೈಟ್ರೈಲ್ ಗ್ಲೌಸ್ ಮೂಲಕ ಈ ದ್ರಾವಕ ಕೆಲವೇ ನಿಮಿಷದಲ್ಲಿ ಇಳಿಯುತ್ತದೆ, ಚೆಲ್ಲಿದರೆ ಕೂಡಲೇ ಗ್ಲೌಸ್ ಬದಲಿಸಿ. ಸೋಸಿ, ರೋಟಾದಲ್ಲಿ (ಕಡಿಮೆ ಒತ್ತಡದಲ್ಲಿ ಫ್ಲಾಸ್ಕ್ ತಿರುಗಿಸುತ್ತಾ ದ್ರಾವಕ ಆವಿ ಮಾಡುವ ಯಂತ್ರ) ದ್ರಾವಕ ತೆಗೆದರೆ ಕೆಂಪುಗಂದು ಜಿಡ್ಡು ಉಳಿಯುತ್ತದೆ.

ಅವಸರ ಮಾಡುವವರು ಈ ಜಿಡ್ಡನ್ನೇ ನೇರವಾಗಿ ಕಾಲಮ್‌ಗೆ ಏರಿಸುತ್ತಾರೆ. ಅದರಲ್ಲಿರುವ ಟರ್ಮೆರೋನ್ ಎಣ್ಣೆಗಳು ಬಣ್ಣವನ್ನು ಜೊತೆಗೆ ಎಳೆದುಕೊಂಡು ಹೋಗಿ ಪಟ್ಟಿಗಳನ್ನು ಕಲಸಿಬಿಡುತ್ತವೆ. ಜಿಡ್ಡಿಗೆ 20 ಮಿಲಿ ಹೆಕ್ಸೇನ್ ಹಾಕಿ, ಗಾಜಿನ ಕಡ್ಡಿಯಿಂದ ಪಾತ್ರೆಯ ಗೋಡೆಗೆ ಉಜ್ಜುತ್ತಾ ಹತ್ತು ನಿಮಿಷ ಕಲಸಿ. ಎಣ್ಣೆ ಹೆಕ್ಸೇನ್‌ಗೆ ಹೋಗುತ್ತದೆ, ಕಿತ್ತಳೆ ಬಣ್ಣದ ಪುಡಿ ತಳದಲ್ಲಿ ನಿಲ್ಲುತ್ತದೆ. ಇನ್ನೂ ಅಂಟಂಟಾಗಿದ್ದರೆ ಮತ್ತೊಮ್ಮೆ ತೊಳೆಯಿರಿ.

300 ಮಿಲಿಗ್ರಾಂ ಪುಡಿಗೆ 30 ಗ್ರಾಂ ಸಿಲಿಕಾ, 100–200 ಮೆಶ್ (ಮೆಶ್ ಸಂಖ್ಯೆ ಹೆಚ್ಚಿದಷ್ಟೂ ಕಣ ಸಣ್ಣದು). 60–120 ಮೆಶ್‌ನಲ್ಲಿ ಮೊದಲೆರಡು ಪಟ್ಟಿಗಳು ಬೇರೆಯಾಗಲು ಹೆಣಗುತ್ತವೆ. 2 ಸೆಂ.ಮೀ. ವ್ಯಾಸದ ಕಾಲಮ್‌ನಲ್ಲಿ ಇದು ಸುಮಾರು 20 ಸೆಂ.ಮೀ. ನಿಲ್ಲುತ್ತದೆ. ಸಿಲಿಕಾಕ್ಕೆ ದ್ರಾವಕ ತಾಗಿದೊಡನೆ ಬಿಸಿಯೇರುತ್ತದೆ. ಕಾಲಮ್ ಒಳಗೇ ಕಲಸಿದರೆ ಡೈಕ್ಲೋರೋಮೀಥೇನ್ ಕುದಿದು ಗುಳ್ಳೆ ಏಳುತ್ತದೆ, ಆ ಬಿರುಕಿನಲ್ಲೇ ಬಣ್ಣ ಅಡ್ಡಾದಿಡ್ಡಿ ಓಡುತ್ತದೆ. ಬೀಕರ್‌ನಲ್ಲಿ ಮಜ್ಜಿಗೆಯ ಹದಕ್ಕೆ ಕಲಸಿ, ಪೂರ್ತಿ ತಣಿದ ಮೇಲೆ ಸುರಿಯಿರಿ. ಸುರಿಯುವಾಗ ಕಾಲಮ್ ಅನ್ನು ರಬ್ಬರ್ ಟ್ಯೂಬ್‌ನಿಂದ ಮೆಲ್ಲಗೆ ತಟ್ಟುತ್ತಿದ್ದರೆ ಹಾಸು ಸಮನಾಗಿ ಕೂರುತ್ತದೆ.

ಮಾದರಿಯನ್ನು ದ್ರಾವಣವಾಗಿ ಏರಿಸುವುದು ನನಗೆ ಒಗ್ಗುವುದಿಲ್ಲ. ಬರೀ ಡೈಕ್ಲೋರೋಮೀಥೇನ್‌ನಲ್ಲಿ ಕರಗಿಸಲು ಹೋದರೆ ದ್ರಾವಣ ಹೆಚ್ಚಾಗಿ ಪಟ್ಟಿ ಅಗಲವಾಗುತ್ತದೆ. ಅದರ ಬದಲು ಪುಡಿಯನ್ನು ಸ್ವಲ್ಪ ಅಸಿಟೋನ್‌ನಲ್ಲಿ ಕರಗಿಸಿ, 1 ಗ್ರಾಂ ಸಿಲಿಕಾ ಬೆರೆಸಿ, ಉದುರುದುರಾಗುವವರೆಗೆ ಒಣಗಿಸಿ ಮೇಲೆ ಹರಡುತ್ತೇನೆ. ಅಸಿಟೋನ್ ವಾಸನೆ ಉಳಿದಿದ್ದರೆ ಒಣಗಿಲ್ಲ ಎಂದೇ ಅರ್ಥ. ಮೇಲೊಂದು ಬೆರಳಷ್ಟು ಮರಳು.

ಮೊದಲು 100 ಮಿಲಿ ಶುದ್ಧ ಡೈಕ್ಲೋರೋಮೀಥೇನ್, ಆಮೇಲೆ ಶೇ. 1 ಮೆಥನಾಲ್ ಬೆರೆಸಿದ್ದು. ಮೊದಲು ಇಳಿಯುವುದು ಕರ್ಕ್ಯುಮಿನ್. ಅದರ ಎರಡೂ ತುದಿಯ ಫೀನಾಲ್ ಗುಂಪುಗಳು ಪಕ್ಕದ ಮಿಥಾಕ್ಸಿಯೊಂದಿಗೆ ಹೈಡ್ರೋಜನ್ ಬಂಧದಲ್ಲಿ ತೊಡಗಿರುವುದರಿಂದ ಸಿಲಿಕಾವನ್ನು ಅಷ್ಟಾಗಿ ಹಿಡಿಯುವುದಿಲ್ಲ. ಮಿಥಾಕ್ಸಿ ಕಡಿಮೆಯಾದಂತೆ ಹಿಡಿತ ಬಿಗಿಯಾಗುತ್ತದೆ. ಮೊದಲ ಪಟ್ಟಿ ಹೊರಬಂದ ಮೇಲೆ ಶೇ. 2, ಕೊನೆಗೆ ಶೇ. 5. ಒಂದರಿಂದ ಐದಕ್ಕೆ ನೇರ ಜಿಗಿದರೆ ಹಾಸು ಬಿರಿಯುವುದೂ ಉಂಟು, ಎರಡು ಪಟ್ಟಿ ಒಟ್ಟಿಗೇ ಬರುವುದೂ ಉಂಟು.

ಇಳಿದು ಬಂದದ್ದನ್ನು ಟ್ಯೂಬುಗಳಲ್ಲಿ 10 ಮಿಲಿಯಂತೆ ಹಿಡಿದು, ಪ್ರತಿ ಟ್ಯೂಬನ್ನೂ ಡೈಕ್ಲೋರೋಮೀಥೇನ್‌ಗೆ ಶೇ. 3 ಮೆಥನಾಲ್ ಬೆರೆಸಿದ್ದರಲ್ಲಿ ಟಿಎಲ್‌ಸಿ (ಸಿಲಿಕಾ ಬಳಿದ ತಟ್ಟೆಯ ಮೇಲೆ ಚುಕ್ಕೆಯಿಟ್ಟು ದ್ರಾವಕ ಏರಿಸುವ ಪರೀಕ್ಷೆ) ನೋಡಿ. ಕಣ್ಣಿಗೆ ಒಂದೇ ಚುಕ್ಕೆ ಕಂಡರೂ 365 ನ್ಯಾನೋಮೀಟರ್ ದೀಪದಡಿ ಎರಡನೆಯದರ ಬಾಲ ಹೊಳೆಯಬಹುದು. ಅಂಥ ಟ್ಯೂಬುಗಳನ್ನು ಬೇರೆ ಇಡಿ, ಇಳುವರಿಯ ಆಸೆಗೆ ಬಿದ್ದು ಶುದ್ಧದ್ದಕ್ಕೆ ಸುರಿಯಬೇಡಿ. ಬೆಳಕಿಗೆ ಕರ್ಕ್ಯುಮಿನ್ ಕೆಡುತ್ತದೆ: ಕಾಲಮ್‌ಗೂ ಟ್ಯೂಬ್ ಸ್ಟ್ಯಾಂಡಿಗೂ ಅಲ್ಯೂಮಿನಿಯಂ ಫಾಯಿಲ್ ಸುತ್ತಿ. ಕಾಲಮ್ ಅನ್ನು ರಾತ್ರಿಗೆ ನಿಲ್ಲಿಸಿ ಬೆಳಿಗ್ಗೆ ಮುಂದುವರಿಸುವ ಅಭ್ಯಾಸವೂ ಬೇಡ, ಪಟ್ಟಿಗಳು ಅಷ್ಟರಲ್ಲಿ ಹರಡಿಕೊಂಡಿರುತ್ತವೆ.

ಕ್ಷಾರದ ಸಂಗವಂತೂ ಬೇಡವೇ ಬೇಡ. ಆರತಿ ತಟ್ಟೆಯ ನೀರಿನಲ್ಲಿ ಅರಿಶಿನಕ್ಕೆ ಸುಣ್ಣ ತಾಗಿದಾಗ ಕೆಂಪಾಗುತ್ತದಲ್ಲ, ಇಲ್ಲೂ ಅದೇ. ಕೆಂಪಾದದ್ದು ಬೇಗ ಒಡೆದೂ ಹೋಗುತ್ತದೆ. ಸೋಪಿನಲ್ಲಿ ತೊಳೆದ ಫ್ಲಾಸ್ಕ್‌ಗಳನ್ನು ಚೆನ್ನಾಗಿ ಜಾಲಿಸಿರಬೇಕು.

ಶುದ್ಧ ಟ್ಯೂಬುಗಳನ್ನು ಕೂಡಿಸಿ, ದ್ರಾವಕ ತೆಗೆದು, ಆದಷ್ಟು ಕಡಿಮೆ ಬಿಸಿ ಎಥನಾಲ್‌ನಲ್ಲಿ ಕರಗಿಸಿ ತಾನಾಗಿ ತಣಿಯಲು ಬಿಡುತ್ತೇನೆ, ಐಸ್ ಆಮೇಲೆ. ಹರಳು ಒಣಗಿದ ಮೇಲೆ 183 ಡಿಗ್ರಿಯ ಹತ್ತಿರ ಚುರುಕಾಗಿ ಕರಗಬೇಕು. ಐದಾರು ಡಿಗ್ರಿ ಮೊದಲೇ ಕರಗತೊಡಗಿ ಎಳೆದಾಡಿದರೆ ದ್ರಾವಕವೋ ಎರಡನೆಯ ಪಟ್ಟಿಯೋ ಉಳಿದಿದೆ. ಮೊದಲು ಇನ್ನಷ್ಟು ಒಣಗಿಸಿ ನೋಡಿ, ಆಮೇಲೆ ಟಿಎಲ್‌ಸಿ.