ಮೀನಿಗೆ ತೊಗರಿ ಕಟ್ಟಿಗೆ ಹೊಗೆ, ಮೇಲೆ ಗಟ್ಟಿ ಮೊಸರು: ನಾನು ಮಾಡುವ ಸಲಾಡ್

ಹೊಗೆ ಮೀನಿನ ಸಲಾಡ್‌ಗೆ ಮಸಾಲೆ ಹಾಕಬೇಡಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕಂದ್ರೆ ನಮ್ಮ ಯಾದಗಿರಿ ಕಡೆ ಮೀನು ಅಂದ ಕೂಡಲೇ ಕೈ ತಾನಾಗಿ ಖಾರದಪುಡಿ ಡಬ್ಬಿಗೆ ಹೋಗುತ್ತದೆ. ಅರಿಶಿನ, ಖಾರ, ಹುಣಸೆಹುಳಿ ಎಲ್ಲಾ ಸಾರಿಗೆ ಸರಿ, ಫ್ರೈಗೂ ಸರಿ. ಇಲ್ಲಿ ಹೊಗೆಯೇ ಮಸಾಲೆ. ಅದರ ಮೇಲೆ ಖಾರ ಸುರಿದರೆ, ಅಷ್ಟೊತ್ತು ಕಡಾಯಿ ಮುಂದೆ ಕೂತು ಕಣ್ಣು ಉರಿಸಿಕೊಂಡಿದ್ದೆಲ್ಲ ನೀರುಪಾಲು.

ಇದು ಚಳಿ ದೇಶದವರ ಊಟ. ಅಲ್ಲಿ ಸಾಲ್ಮನ್, ಟ್ರೌಟ್, ಮ್ಯಾಕೆರೆಲ್ ಎಲ್ಲಾ ಹೊಗೆ ಕೊಟ್ಟಿದ್ದೇ ಪ್ಯಾಕೆಟ್‌ನಲ್ಲಿ ಸಿಗುತ್ತದೆ. ಬಿಡಿಸಿ, ಆಲೂಗಡ್ಡೆ, ಸೌತೆಕಾಯಿ ಜೊತೆ ಕೆನೆಯಂಥ ಡ್ರೆಸ್ಸಿಂಗ್ ಹಾಕಿ ಕಲಸಿದರೆ ಹತ್ತೇ ನಿಮಿಷ. ನಮ್ಮೂರಲ್ಲಿ ಆ ಪ್ಯಾಕೆಟ್ ಹುಡುಕಿಕೊಂಡು ಹೋದರೆ ಚಪ್ಪಲಿ ಸವೆಯುತ್ತದೆ ಅಷ್ಟೇ. ಆದರೆ ಭೀಮಾ ಹೊಳೆ ಊರ ಮಗ್ಗುಲಲ್ಲೇ ಇದೆ. ತೊಗರಿ ಕಟ್ಟಿಗೆ ಹಳ್ಳಿ ಹಳ್ಳಿಯ ಹಿತ್ತಲಲ್ಲಿ ಒಟ್ಟಿರುತ್ತದೆ. ಎಮ್ಮೆ ಮೊಸರಿಗೆ ಬರವಿಲ್ಲ, ಸಬ್ಬಸಿಗೆ ಸೊಪ್ಪು ಸಂತೆಯಲ್ಲಿ ಕಟ್ಟುಗಟ್ಟಲೆ ಬಿದ್ದಿರುತ್ತದೆ. ನಾನು ಮೀನಿಗೆ ಹೊಗೆ ಕೊಟ್ಟು ಹಿಂದಿನ ದಿನವೇ ಫ್ರಿಜ್‌ನಲ್ಲಿ ಇಟ್ಟುಬಿಡುತ್ತೇನೆ. ಮೊಸರು ಬಸಿದು, ಆಲೂಗಡ್ಡೆ ಬೇಯಿಸಿಟ್ಟುಕೊಂಡಿದ್ದರೆ ಮರುದಿನ ಸಲಾಡ್ ನಮಗೂ ಹತ್ತು ಹದಿನೈದು ನಿಮಿಷದ ಕೆಲಸ.

ಮೀನಿನ ಮಾತು. ಕೊಬ್ಬಿರುವ ಮೀನೇ ಬೇಕು. ಹೊಗೆಯ ರುಚಿ ಕೊಬ್ಬಿಗೆ ಚೆನ್ನಾಗಿ ಹಿಡಿಯುತ್ತದೆ, ಮೀನು ಒಣಗಿ ಹತ್ತಿಯೂ ಆಗುವುದಿಲ್ಲ. ಹೊಳೆ ಮೀನಾದರೆ ನಾನು ದೊಡ್ಡ ಕಾಟ್ಲಾದ ಹೊಟ್ಟೆ ಭಾಗ ಕೇಳಿ ಕೊಯ್ಯಿಸಿಕೊಳ್ಳುತ್ತೇನೆ. ಕಾಟ್ಲಾ, ರೋಹು ಎರಡರಲ್ಲೂ ಬೆನ್ನಿನ ಕಡೆ ಕವಲೊಡೆದ ಸಣ್ಣ ಮುಳ್ಳು ಜಾಸ್ತಿ. ಸಾರಿನಲ್ಲಿ ಆರಿಸಿ ಆರಿಸಿ ತಿನ್ನಬಹುದು, ಸಲಾಡ್‌ನಲ್ಲಿ ಸಬ್ಬಸಿಗೆ ಕಡ್ಡಿ ಯಾವುದು, ಮುಳ್ಳು ಯಾವುದು ಅಂತ ಗೊತ್ತಾಗಲ್ಲ, ಮಕ್ಕಳಿಗಂತೂ ಕೊಡುವ ಹಾಗೇ ಇಲ್ಲ. ಹೊಟ್ಟೆ ಭಾಗದಲ್ಲಿ ಬರೀ ದೊಡ್ಡ ಪಕ್ಕೆಲುಬು, ಬೆಂದ ಮೇಲೆ ಎಳೆದರೆ ಬಂದುಬಿಡುತ್ತದೆ. ಕರಾವಳಿಯಿಂದ ಥರ್ಮಾಕೋಲ್ ಡಬ್ಬಿಯಲ್ಲಿ ಬರುವ ಬಂಗುಡೆ ಇನ್ನೂ ಒಳ್ಳೇದು, ಎಣ್ಣೆ ಮೀನು ಅದು. ಆದರೆ ಬಂಗುಡೆ ತರುವಾಗ ನಾನು ಬಲು ಜಿಗುಟು. ಮೈಮೇಲೆ ಐಸ್ ಕರಗಿ ನೀರಾಗಿದ್ದರೆ, ಕಣ್ಣು ಒಳಗೆ ಹೋಗಿದ್ದರೆ, ಕಿವಿರು ಕಂದಿದ್ದರೆ ವಾಪಸ್ ಬರುತ್ತೇನೆ. ಬೆಚ್ಚಗೆ ಬಿದ್ದಿದ್ದ ಬಂಗುಡೆಯಲ್ಲಿ ಹಿಸ್ಟಮಿನ್ ಅನ್ನೋದು ಸೇರಿಕೊಳ್ಳುತ್ತದೆ, ಅದು ಬೇಯಿಸಿದರೂ ಹೋಗಲ್ಲ, ಹೊಗೆ ಕೊಟ್ಟರೂ ಹೋಗಲ್ಲ. ಮುಖ ಕೆಂಪಾಗಿ, ತಲೆ ಸಿಡಿದು, ಮೈ ತುರಿಸುತ್ತದೆ. 42 ಡಿಗ್ರಿ ಬಿಸಿಲಿನ ಊರಲ್ಲಿ ಇದು ತಮಾಷೆಯಲ್ಲ.

ಅರ್ಧ ಕಿಲೋ ಮೀನಿಗೆ ಒಂದು ಲೀಟರ್ ತಣ್ಣೀರು, 60 ಗ್ರಾಂ ಉಪ್ಪು, ಒಂದು ಸಣ್ಣ ಉಂಡೆ ಬೆಲ್ಲ. ಕರಗಿಸಿ, ಮೀನು ಮುಳುಗಿಸಿ, ಮುಕ್ಕಾಲು ಗಂಟೆ ಫ್ರಿಜ್‌ನಲ್ಲಿ. ತೆಗೆದು ಬಟ್ಟೆಯಿಂದ ಒರೆಸಿ, ಜಾಲರಿ ಮೇಲೆ ಹರಡಿ, ಮುಚ್ಚದೆ ಮತ್ತೆ ಫ್ರಿಜ್‌ನಲ್ಲೇ ಒಂದು ಗಂಟೆ ಒಣಗಲು ಬಿಡಬೇಕು. ಚಳಿಗಾಲದಲ್ಲಿ ಫ್ಯಾನ್ ಕೆಳಗೆ ಇಟ್ಟರೂ ನಡೆಯುತ್ತದೆ. ಬೇಸಿಗೆಯಲ್ಲಿ ಬೇಡ. ಬೆರಳಿಟ್ಟು ನೋಡಿ: ಮೈ ಒದ್ದೆ ಇರಬಾರದು, ಅಂಟು ಅಂಟಾಗಿ ಹೊಳೆಯಬೇಕು. ಆ ಅಂಟಿನ ಪೊರೆಗೇ ಹೊಗೆ ಹತ್ತೋದು. ನೀರು ಇಳಿಯುತ್ತಿರುವ ಮೀನನ್ನು ಹೊಗೆಗೆ ಇಟ್ಟರೆ ಕಪ್ಪು ಕಪ್ಪು ಪಟ್ಟೆ ಬಿದ್ದು ಒಗರಾಗುತ್ತದೆ. ಅವಸರ ಇದ್ದವರು ಬಿಟ್ಟುಬಿಡುವ ಹಂತ ಇದೇ, ಬಿಡಬಾರದ ಹಂತವೂ ಇದೇ.

ಇನ್ನು ಹೊಗೆ. ತೊಗರಿ ಕಟ್ಟಿಗೆ ಯಾಕೆ ಅಂದ್ರೆ ಬೇಗ ಹತ್ತುತ್ತದೆ, ಘಾಟು ಕಡಿಮೆ, ಪುಕ್ಕಟೆ ಸಿಗುತ್ತದೆ. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಜಿಐ ಟ್ಯಾಗ್, ಅಂದ್ರೆ ಈ ಸೀಮೆಯದೇ ಅನ್ನುವ ಸರ್ಕಾರಿ ಗುರುತು ಬಂತು, ಕಟ್ಟಿಗೆಯನ್ನು ಮಾತ್ರ ಯಾರೂ ಕೇಳಲಿಲ್ಲ ಅಂತ ನಾನು ನಗುತ್ತಿರುತ್ತೇನೆ. ತೊಗರಿ ಬೆಳೆಗೆ ಔಷಧಿ ಹೊಡೆಯುತ್ತಾರೆ ಅನ್ನೋದು ಗೊತ್ತಿದ್ದಿದ್ದೇ. ಅದಕ್ಕೇ ಹೊಸ ಕಟ್ಟಿಗೆ ಮುಟ್ಟಲ್ಲ. ಒಂದು ಮಳೆಗಾಲ ನೆನೆದು ಒಣಗಿದ ಹಳೆ ಒಟ್ಟಿಲಿನಿಂದ ಬುಡದ ದಪ್ಪ ತುಂಡು ಆರಿಸಿ, ಸಿಪ್ಪೆ ಕೆತ್ತಿ ತೆಗೆದು, ಬೆರಳಿನಷ್ಟು ಉದ್ದಕ್ಕೆ ಸೀಳಿಕೊಳ್ಳುತ್ತೇನೆ. ಹತ್ತಿ ಕಟ್ಟಿಗೆ ಬೇಡವೇ ಬೇಡ, ಅದಕ್ಕೆ ಹೊಡೆಯುವ ಔಷಧಿಗೆ ಲೆಕ್ಕವೇ ಇಲ್ಲ. ಬೇವು ಕಹಿ. ಬಣ್ಣ ಹಚ್ಚಿದ ಹಳೆ ಬಾಗಿಲು, ಪ್ಲೈವುಡ್ ಚೂರು ದೇವರಾಣೆಗೂ ಬೇಡ. ಮಾವಿನ ಕಟ್ಟಿಗೆ ಸಿಕ್ಕರೆ ಅದೂ ಚೆನ್ನ.

ಹಳೇ ಕಬ್ಬಿಣದ ಕಡಾಯಿ ತಗೊಳ್ಳಿ. ನಾನ್‌ಸ್ಟಿಕ್ ಬೇಡ, ಖಾಲಿ ಕಾದರೆ ಅದರ ಲೇಪವೇ ಕೆಟ್ಟ ಹೊಗೆ ಬಿಡುತ್ತದೆ. ಒಳಗೆ ಅಲ್ಯೂಮಿನಿಯಂ ಫಾಯಿಲ್ ಹಾಸಿ, ಒಂದು ಹಿಡಿ ಕಟ್ಟಿಗೆ ಚೂರು, ಎರಡು ಚಮಚ ಅಕ್ಕಿ, ಒಂದು ಚಮಚ ಬೆಲ್ಲದ ಪುಡಿ, ಒಂದು ಚಮಚ ಚಹಾಪುಡಿ ಹರಡುತ್ತೇನೆ. ಅಕ್ಕಿ, ಸಿಹಿ, ಚಹಾ ಸೇರಿಸಿ ಹೊಗೆ ಮಾಡುವುದು ಚೀನಾದವರ ಪದ್ಧತಿ, ಮೀನಿಗೆ ಜೇನಿನ ಬಣ್ಣ ಬರೋದು ಅದರಿಂದಲೇ. ಕಾಲಿರುವ ಸ್ಟೀಲ್ ಜಾಲರಿಗೆ ಸ್ವಲ್ಪ ಎಣ್ಣೆ ಸವರಿ, ಚರ್ಮದ ಕಡೆ ಕೆಳಗೆ ಮಾಡಿ ಮೀನು ಜೋಡಿಸಿ ಪಕ್ಕಕ್ಕೆ ಇಟ್ಟುಕೊಳ್ಳಿ, ಕಡಾಯಿಗೆ ಈಗಲೇ ಇಳಿಸಬೇಡಿ. ಅಂಚಿಗೆ ಗೋಧಿ ಹಿಟ್ಟಿನ ಕಣಕ ಹತ್ತಿಸಿ ಇಟ್ಟುಕೊಳ್ಳಿ, ದಮ್ ಬಿರಿಯಾನಿಗೆ ಹತ್ತಿಸುತ್ತಾರಲ್ಲ, ಹಾಗೆ. ಒಲೆ ಮನೆಯೊಳಗೆ ಇಡಬೇಡಿ. ನಾನು ಸಣ್ಣ ಗ್ಯಾಸ್ ಒಲೆ ಹಿತ್ತಲಿಗೆ ಒಯ್ಯುತ್ತೇನೆ, ಇಲ್ಲಾಂದ್ರೆ ನಾಲ್ಕು ದಿನ ಹಾಸಿಗೆ, ಪರದೆ ಎಲ್ಲಾ ಹೊಗೆ ವಾಸನೆ, ಮನೆಯವಳ ಮಾತು ಬೇರೆ.

ಉರಿ ಜೋರು ಮಾಡಿ ಮುಚ್ಚಳ ತೆಗೆದೇ ನೋಡುತ್ತಿರಬೇಕು. ಮೊದಲು ಬೆಳ್ಳಗೆ ದಟ್ಟ ಹೊಗೆ ಬರುತ್ತದೆ, ಅದು ಕಹಿ ಹೊಗೆ, ಹೋಗಲಿ ಬಿಡಿ. ಅದು ತೆಳ್ಳಗಾಗಿ ನೀಲಿ ಛಾಯೆಗೆ ತಿರುಗಿದಾಗ ಮೀನಿನ ಜಾಲರಿ ಒಳಗಿಟ್ಟು, ಮುಚ್ಚಳ ಒತ್ತಿ, ಉರಿ ಸಣ್ಣ ಮಾಡಿ 15 ನಿಮಿಷ. ಆಮೇಲೆ ಗ್ಯಾಸ್ ಆರಿಸಿ, ಮುಚ್ಚಳ ತೆಗೆಯದೆ ಇನ್ನೂ 10 ನಿಮಿಷ. ನಡುನಡುವೆ ಇಣುಕಿದರೆ ಹೊಗೆಯೂ ಹೋಯಿತು, ಕಾವೂ ಹೋಯಿತು. ತೆಗೆದಾಗ ಮೇಲ್ಮೈ ಕಂದುಬಂಗಾರ ಬಣ್ಣಕ್ಕೆ ಬಂದಿರುತ್ತದೆ, ಅಂಚಿನಲ್ಲಿ ಸಣ್ಣ ಸಣ್ಣ ಎಣ್ಣೆ ಹನಿ ನಿಂತಿರುತ್ತವೆ, ಚಾಕು ತುದಿ ಒತ್ತಿದರೆ ಪದರ ಪದರವಾಗಿ ಬಿಡುತ್ತದೆ. ಒಳಗೆ ಗಾಜಿನ ಹಾಗೆ ಕಾಣುವ ಹಸಿ ಭಾಗ ಇದ್ದರೆ ಇನ್ನಷ್ಟು ಹೊತ್ತು ಬೇಯಿಸಿ. ಥರ್ಮಾಮೀಟರ್ ಇದ್ದವರು ದಪ್ಪ ಜಾಗದಲ್ಲಿ 63 ಡಿಗ್ರಿ ದಾಟಿದೆಯಾ ನೋಡಿಕೊಳ್ಳಿ. ವಿದೇಶದ ವಿಡಿಯೋ ನೋಡಿ ಹೊಳೆ ಮೀನನ್ನು ಬೇಯಿಸದೆ ಬರೀ ತಣ್ಣನೆ ಹೊಗೆಯಲ್ಲಿಟ್ಟು ತಿನ್ನುವ ಆಸೆ ಕೆಲವರಿಗೆ. ಬೇಡ. ಸಿಹಿನೀರಿನ ಮೀನಿನಲ್ಲಿ ಹುಳುಗಳ ಕಾಟ ಇರುತ್ತದೆ, ತಣ್ಣನೆ ಹೊಗೆಗೆ ಅವು ಸಾಯಲ್ಲ, ಚೆನ್ನಾಗಿ ಬೆಂದರೆ ಸಾಯುತ್ತವೆ.

ಬಟ್ಟಲಲ್ಲಿ ಕೆಂಡ ಇಟ್ಟು ತುಪ್ಪ ಬಿಟ್ಟು ಮುಚ್ಚುವ ಧುಂಗಾರ್ ಇದೆಯಲ್ವಾ, ಅದು ದಾಲ್‌ಗೆ, ಚಿಕನ್‌ಗೆ ಚೆಂದ. ಮೀನಿಗೆ ನನಗೆ ಅಷ್ಟು ಸೇರಲಿಲ್ಲ, ತುಪ್ಪದ ವಾಸನೆಯೇ ಮುಂದೆ ಬರುತ್ತದೆ.

ಡ್ರೆಸ್ಸಿಂಗ್‌ಗೆ ಬಂದಾಗ ನಮ್ಮ ಮನೆಯಲ್ಲಿ ಪಂಚಾಯ್ತಿ ಶುರು.

'ಮೀನಿಗಿ ಮೊಸರೇನೋ ತಮ್ಮಾ? ಮೈಮ್ಯಾಲ ಬಿಳಿ ಕಲಿ ಬೀಳ್ತಾವ' ಅಂತಾಳೆ ಅವ್ವ.

'ಹಂಗೇನೂ ಆಗಂಗಿಲ್ಲಬೇ ಯವ್ವಾ, ಬಂಗಾಳದಾಗ ದಿನಾ ಮೊಸರು ಹಾಕೇ ಮೀನು ಮಾಡ್ತಾರ' ಅಂತ ನಾನು.

ತೊನ್ನು ಬರೋದು ಮೈಯ ರೋಗನಿರೋಧಕ ವ್ಯವಸ್ಥೆಯೇ ಚರ್ಮದ ಬಣ್ಣದ ಜೀವಕೋಶಗಳ ಮೇಲೆ ತಿರುಗಿಬೀಳುವುದರಿಂದ. ಮೀನು ಮೊಸರು ಒಟ್ಟಿಗೆ ತಿಂದರೆ ಬರಲ್ಲ. ಆದರೆ ಅವ್ವನ ಜೊತೆ ಊಟದ ಹೊತ್ತಲ್ಲಿ ವಾದ ಮಾಡಿ ಗೆದ್ದವರುಂಟೇ? ಅವಳ ತಟ್ಟೆಗೆ ಶೇಂಗಾದ್ದು ಬೇರೆ ಮಾಡುತ್ತೇನೆ: ಹುರಿದು ಸಿಪ್ಪೆ ತೆಗೆದ ಶೇಂಗಾ ಅರ್ಧ ಬಟ್ಟಲು, ಬಿಸಿ ನೀರಲ್ಲಿ ಅರ್ಧ ಗಂಟೆ ನೆನೆಸಿ, ಒಂದು ಎಸಳು ಬೆಳ್ಳುಳ್ಳಿ, ಲಿಂಬೆರಸ ಹಾಕಿ ಸ್ವಲ್ಪ ಸ್ವಲ್ಪ ನೀರು ಬಿಟ್ಟು ನುಣ್ಣಗೆ ರುಬ್ಬುವುದು. ನಿಜ ಹೇಳಬೇಕಂದ್ರೆ ಬಂಗುಡೆಗೆ ಇದೇ ಒಂದು ಕೈ ಮೇಲು.

ನಮ್ಮ ತಟ್ಟೆಗೆ ಮೊಸರಿನದು. ಅರ್ಧ ಲೀಟರ್ ಎಮ್ಮೆ ಮೊಸರನ್ನು ತೆಳು ಪಂಚೆ ಬಟ್ಟೆಯಲ್ಲಿ ಗಂಟು ಕಟ್ಟಿ, ಜರಡಿಯ ಮೇಲಿಟ್ಟು, ಕೆಳಗೊಂದು ಪಾತ್ರೆ ಇಟ್ಟು ಫ್ರಿಜ್‌ನಲ್ಲಿ ಮೂರು ಗಂಟೆ. ಹೊರಗೆ ನೇತು ಹಾಕಿದರೆ ನಮ್ಮ ಬಿಸಿಲಿಗೆ ಹುಳಿ ಹೊಡೆಯುತ್ತದೆ. ಶ್ರೀಖಂಡಕ್ಕೆ ಕಟ್ಟುವಷ್ಟು ಗಟ್ಟಿ ಬೇಡ, ಚಮಚದಿಂದ ನಿಧಾನ ಜಾರಿದರೆ ಸಾಕು. ಬಸಿದ ನೀರು ಚೆಲ್ಲಬೇಡಿ, ಚಪಾತಿ ಹಿಟ್ಟು ಕಲಸಲು ಆಗುತ್ತದೆ. ಮೊಟ್ಟೆಯ ಮೇಯೊನೀಸ್ ನಾನು ಮಾಡಲ್ಲ. ಹಸಿ ಮೊಟ್ಟೆ, ಈ ಸೆಕೆ, ಆಗಾಗ ಹೋಗುವ ಕರೆಂಟು, ಮೂರೂ ಸೇರಿದರೆ ಹೊಟ್ಟೆ ಕೆಡಲು ಬೇರೆ ಕಾರಣ ಬೇಕಿಲ್ಲ.

ಚಳಿ ದೇಶದವರು ಹೊಗೆ ಮೀನಿನ ಜೊತೆ ಹಾರ್ಸ್‌ರ‍್ಯಾಡಿಶ್ ಅನ್ನುವ ಘಾಟು ಗಡ್ಡೆ ತುರಿದು ಹಾಕುತ್ತಾರೆ. ಮೂಗಿಗೆ ಏರುವ ಆ ಘಾಟು ಸಾಸಿವೆಯಲ್ಲಿರುವ ಘಾಟೇ. ಹಾಗಾಗಿ ನಾನು ಒಂದು ಚಮಚ ಸಾಸಿವೆ ನೆನೆಸಿ, ಕುಟ್ಟುವ ಕಲ್ಲಿನಲ್ಲಿ ತಣ್ಣೀರು ಹನಿಸುತ್ತಾ ಅರೆದು, ಹತ್ತು ನಿಮಿಷ ಸುಮ್ನೆ ಬಿಡುತ್ತೇನೆ. ಘಾಟು ಹುಟ್ಟೋದು ಅರೆದು ನೀರು ತಾಗಿದ ಮೇಲೆ, ಅದಕ್ಕೆ ಸ್ವಲ್ಪ ಹೊತ್ತು ಬೇಕು. ಬಿಸಿ ನೀರು ಹಾಕಿದರೆ ಘಾಟು ಏಳುವುದೇ ಇಲ್ಲ, ಕಹಿ ಉಳಿಯುತ್ತದೆ. ಹತ್ತು ನಿಮಿಷ ಆದ ಮೇಲೆ ಲಿಂಬೆರಸ ಹಿಂಡಿದರೆ ಘಾಟು ನಿಲ್ಲುತ್ತದೆ. ಇದಕ್ಕೆ ಮೊಸರು, ಎರಡು ಚಮಚ ಹಾಲಿನ ಕೆನೆ, ಚಿಟಿಕೆ ಸಕ್ಕರೆ, ಕುಟ್ಟಿದ ಕಾಳುಮೆಣಸು. ಕಡೆಗೆ ಒಂದು ಚಮಚ ಶೇಂಗಾ ಎಣ್ಣೆಯನ್ನು ಹನಿ ಹನಿ ಬಿಡುತ್ತಾ ಕಡೆಯಬೇಕು, ಆಗ ಹೊಳಪು ಬರುತ್ತದೆ. ಮೂಲಂಗಿ ತುರಿದು, ಹಿಂಡಿ, ಒಂದು ಹಿಡಿ ಸೇರಿಸಿದರೆ ಇನ್ನೂ ಬಿರುಸು. ಉಪ್ಪು ಈಗ ಹಾಕಬೇಡಿ, ಮೀನಿನಲ್ಲೇ ಇದೆ.

ಸಬ್ಬಸಿಗೆಯಂತೂ ಬೇಕೇ ಬೇಕು. ನಾವು ಬೇಳೆ ಜೊತೆ ಪಲ್ಯ ಮಾಡಿ ತಿನ್ನುವ ಈ ಸೊಪ್ಪನ್ನೇ ಅವರು ಸಾಲ್ಮನ್ ಮೇಲೆ ಉದುರಿಸಿಕೊಂಡು ತಿನ್ನುತ್ತಾರೆ. ಎಳೆ ಗರಿ ಮಾತ್ರ ಬಿಡಿಸಿ, ಕೈತುಂಬ ಹೆಚ್ಚಿ ಹಾಕಿ.

ಉಳಿದದ್ದು ಬೇಗ. ಸೌತೆಕಾಯಿ ಹೆಚ್ಚಿ, ಉಪ್ಪು ಸವರಿ, ಕಾಲು ಗಂಟೆ ಬಿಟ್ಟು ಹಿಂಡಿಕೊಳ್ಳಿ, ಇಲ್ಲಾಂದ್ರೆ ಡ್ರೆಸ್ಸಿಂಗ್ ಮಜ್ಜಿಗೆಯಾಗುತ್ತದೆ. ಉಳ್ಳಾಗಡ್ಡಿ ತೆಳ್ಳಗೆ ಸೀಳಿ ತಣ್ಣೀರಲ್ಲಿ ಹಾಕಿ ತೆಗೆಯಿರಿ. ಎರಡು ಬೇಯಿಸಿದ ಆಲೂಗಡ್ಡೆ, ಬಿಸಿ ಇರುವಾಗಲೇ ಲಿಂಬೆರಸ ಚಿಮುಕಿಸಿ ಆರಿಸಿದ್ದು. ಹಕ್ಕರಿಕೆ ಸೊಪ್ಪು ಸಿಗುವ ಕಾಲದಲ್ಲಿ ಅದರ ಎಳೆ ಎಲೆ, ಆ ನಸುಗಹಿ ಹೊಗೆಗೆ ಬಲು ಚೆನ್ನಾಗಿ ಹೊಂದುತ್ತದೆ. ಇವಿಷ್ಟಕ್ಕೆ ಡ್ರೆಸ್ಸಿಂಗ್ ಕಲಸಿ, ಮೀನನ್ನು ಕಡೆಗೆ ದೊಡ್ಡ ದೊಡ್ಡ ಚೂರಾಗಿ ಬಿಡಿಸಿ ಮೇಲಿಟ್ಟು, ಒಂದೇ ಸಲ ಮೆಲ್ಲಗೆ ಮಗುಚಿ. ಜೋರಾಗಿ ಕಲಸಿದರೆ ಚಟ್ನಿ. ತಿನ್ನುವ ಹೊತ್ತಿಗೆ ಕಡಕ್ ರೊಟ್ಟಿ ಕೈಯಲ್ಲೇ ಮುರಿದು ಉದುರಿಸುತ್ತೇನೆ. ಹೋಟೆಲ್‌ನವರು ಹಾಕುವ ಹುರಿದ ಬ್ರೆಡ್ ಚೂರಿಗಿಂತ ಜೋಳದ ಈ ಕಟುಂ ಕುಟುಂ ನನಗೆ ಇಷ್ಟ.

ಕಲಸಿದ್ದನ್ನು ಬೇಸಿಗೆಯಲ್ಲಿ ಒಂದು ಗಂಟೆಗಿಂತ ಜಾಸ್ತಿ ಹೊರಗೆ ಇಡಬೇಡಿ. ಕಲಸದೆ ಉಳಿಸಿದ ಹೊಗೆ ಮೀನು ಡಬ್ಬಿಯಲ್ಲಿ ಮುಚ್ಚಿಟ್ಟರೆ ಫ್ರಿಜ್‌ನಲ್ಲಿ ಎರಡು ದಿನ ಚೆನ್ನಾಗಿರುತ್ತದೆ. ನಮ್ಮಲ್ಲಿ ಅದು ಅಲ್ಲಿಯವರೆಗೆ ಉಳಿಯೋದು ಅಪರೂಪ, ಬೆಳಿಗ್ಗೆ ಅವ್ವನೇ ಅದನ್ನು ಬಿಸಿ ರೊಟ್ಟಿಯೊಳಗಿಟ್ಟು, ಪಕ್ಕಕ್ಕೆ ಒಂದು ಹಸಿಮೆಣಸಿನಕಾಯಿ ಕಚ್ಚಿಕೊಂಡು ಮುಗಿಸಿರುತ್ತಾಳೆ.